ಬಾಗಿಲ ಕಡೆ ಮುಖ ಮಾಡಿದ ಮೈಕ್ ಮಹಾಶಯರಿಗೆ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಬೀರುವಿಗೂ ಕಿಟಕಿಗೂ ನಡುವೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ವಿರಾಜಮಾನರಾಗಿರುವ ಕಂಡೆನ್ಸರ್ ಮೈಕ್ ಮಹಾಶಯರ ಸನ್ನಿಧಾನಕ್ಕೆ, ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುವ ಈ ಪಾಮರನ ಅನಂತ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವಾಗಿರಲೇಬೇಕು, ಏಕೆಂದರೆ ಹಾಡಿಲ್ಲದ ಹೊತ್ತಿನಲ್ಲಿ ತಮಗೆ ಧೂಳು ತಾಗದಂತೆ ನನ್ನ ಹೊಸ ಕಾಲುಚೀಲವನ್ನು ತೊಡಿಸಲಾಗಿದೆ. ಕೋಣೆ ಗುಂಯ್‌ಗುಟ್ಟಿದರೆ ತಮ್ಮ ಮನಸ್ಸಿಗೆ ನೋವಾಗುತ್ತದೆಂದು ಹಾಸಿಗೆಯನ್ನು ಗೋಡೆಗೆ ಒರಗಿಸಿ, ಇದ್ದಬದ್ದ ಕಂಬಳಿಗಳನ್ನೆಲ್ಲ ಬೀರುವಿಗೆ ಹೊದಿಸಿ, ನಾವು ಗಂಡ ಹೆಂಡತಿ ಬರೀ ಚಾಪೆಯ ಮೇಲೆ ಮಲಗುತ್ತಿರುವುದೂ ತಮಗೆ ತಿಳಿದದ್ದೇ. ಇದನ್ನು ದೂರೆಂದು ತಿಳಿಯಬಾರದು. ದೂರು ಮುಂದಿದೆ.

ತಮ್ಮನ್ನು ಆರಿಸಿದ್ದು ಸುಮ್ಮನೆ ಅಲ್ಲ. ಅಂಗಡಿಯವರು ಮೊದಲು ಗಾಜಿನ ಪೆಟ್ಟಿಗೆಯಿಂದ ತೆಗೆದು ತೋರಿಸಿದ ಮೈಕಿನ ಬೆಲೆ ಕೇಳಿ ನಾನು ಅದನ್ನು ಮುಟ್ಟದೆಯೇ ಕೈಮುಗಿದೆ. ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ನನ್ನ ಭಾವಮೈದುನ, ಕೈಯಲ್ಲಿ ಹಿಡಿದು ಹಾಡುವ ಮೈಕೇ ಸಾಕು, ಬಿದ್ದರೂ ಒಡೆಯುವುದಿಲ್ಲ, ಬಾಯಿಗೆ ತಾಗಿಸಿದ ಹೊರತು ಏನೂ ಕೇಳಿಸಿಕೊಳ್ಳುವುದಿಲ್ಲ ಎಂದ. ಅಂಥ ಗುಣದ ಒಬ್ಬ, ಅಂದರೆ ನಾನು, ಮನೆಯಲ್ಲಿ ಆಗಲೇ ಇರುವುದರಿಂದ ಹೆಂಡತಿ ಒಪ್ಪಲಿಲ್ಲ. ಆಮೇಲೆ ಇಂಟರ್ನೆಟ್ಟಿನ ಪಂಡಿತರ ಮೊರೆಹೊಕ್ಕೆ. ಅಗ್ಗದ ಮೈಕುಗಳಲ್ಲಿ ಹಾಡಿ ತೋರಿಸಿದ ಅವರ ಮಾದರಿಗಳನ್ನೆಲ್ಲ ನನ್ನ ಹಳೆಯ ಫೋನಿನಲ್ಲೇ ಕೇಳಿ ಹೋಲಿಸಿ ನೋಡಿದ್ದರಿಂದ ಎಲ್ಲ ಮೈಕುಗಳೂ ನನ್ನ ಫೋನಿನಂತೆಯೇ ಕೇಳಿಸಿದವು. ಕೊನೆಗೆ, ಹಾಡುವವರು ಉಸಿರೆಳೆದುಕೊಳ್ಳುವುದನ್ನೂ ಬಿಡುವುದಿಲ್ಲವೆಂದು ತಮ್ಮ ಡಬ್ಬದ ಮೇಲೆ ಬರೆದಿದ್ದ ಒಂದೇ ಮಾತಿಗೆ ಮರುಳಾದೆವು.

ಇಷ್ಟೆಲ್ಲ ಯಾಕೆಂದರೆ, ಶಿಶುವಿಹಾರದಲ್ಲಿ ಪಾಠ ಹೇಳುವ ನನ್ನ ಹೆಂಡತಿಗೆ, ಮಕ್ಕಳ ಹಾಡುಗಳ ಸಂಗ್ರಹ ಮಾಡುತ್ತಿರುವ ಸಂಗೀತ ನಿರ್ದೇಶಕರೊಬ್ಬರು, ಸ್ಟುಡಿಯೋದಲ್ಲಿ ಹಾಡಿದಷ್ಟು ಸ್ವಚ್ಛವಾದ ಒಂದು ಹಾಡು ಕಳಿಸಿದರೆ ನೋಡೋಣ ಎಂದಿದ್ದರು. ಇಷ್ಟು ವರ್ಷ ಆಕೆಯ ಹಾಡನ್ನು ಹೊರಗಿನವರು ಯಾರೂ ಕೇಳಿದವರಲ್ಲ. ಮನೆಯೊಳಗಿನ ನಮ್ಮ ತಾಯಿಯವರು, ಸೊಸೆ ಬಾಯಿ ತೆರೆದಾಗಲೆಲ್ಲ, ಒಲೆ ಆರಿಸಿದೆಯಾ ಎಂದು ಕೇಳಿದ್ದನ್ನು ಬಿಟ್ಟರೆ ಬೇರೇನೂ ಅಂದವರಲ್ಲ. "ಇದೊಂದು ಸಲ ಕಳಿಸೋಣ, ಆಗಲಿಲ್ಲ ಅಂದ್ರೆ ಇನ್ಮೇಲೆ ನನ್ನ ಹಾಡಿನ ವಿಷಯ ಎತ್ತಬೇಡಿ" ಎಂದು ಹೆಂಡತಿ ಹೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆ ಹೆದರಿಕೆಯಲ್ಲೇ ತಮ್ಮನ್ನು ಪ್ರತಿಷ್ಠಾಪಿಸಿದೆ. ಹೆಸರು ಬರೆದ ಮುಖ ಯಾವಾಗಲೂ ಬರುವವರಿಗೆ ಕಾಣುವಂತಿರಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ತಮ್ಮ ಮೈಮೇಲೆ ಕಂಪನಿಯ ಹೆಸರು ಚೆಂದದ ಅಕ್ಷರದಲ್ಲಿ ಹೊಳೆಯುತ್ತಿದ್ದುದರಿಂದ, ಅದನ್ನು ಅಚ್ಚುಕಟ್ಟಾಗಿ ಬಾಗಿಲ ಕಡೆಗೆ ತಿರುಗಿಸಿ, ಹೆಂಡತಿಯನ್ನು ತಮ್ಮ ಬೆನ್ನಿನ ಹಿಂದೆ ನಿಲ್ಲಿಸಿದೆ. ಹೆಸರಿದ್ದ ಕಡೆಯೇ ತಮ್ಮ ಕಿವಿ, ಬೆನ್ನು ಶುದ್ಧ ಕಿವುಡು ಎಂಬ ವಿಚಾರವನ್ನು ತಾವು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಆಕೆ ಜೀವ ತೇಯ್ದು ಹಾಡಿದಳು. ಇಯರ್‌ಫೋನಿನ ಒಂದು ತುದಿ ಅವಳೂ ಇನ್ನೊಂದು ತುದಿ ನಾನೂ ಕಿವಿಗೆ ಹಾಕಿಕೊಂಡು ಕೇಳಿದರೆ, ಅವಳ ಹಾಡು ಪಕ್ಕದ ಬೀದಿಯಿಂದ ಬಂದಂತಿತ್ತು. ಅವಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ, ಅದೇ ರೆಕಾರ್ಡಿಂಗಿನೊಳಗೆ, ಬಾಗಿಲಾಚೆ ಪಕ್ಕದ ಮನೆಯಾಕೆಯೊಂದಿಗೆ ಕೂತಿದ್ದ ನಮ್ಮ ತಾಯಿಯವರ ಪಿಸುದನಿ, ಸ್ಟುಡಿಯೋದಲ್ಲಿ ಹಿಡಿದಷ್ಟು ನಿಚ್ಚಳವಾಗಿ ಕೇಳಿಸಿತು. "ಸ್ವಲ್ಪ ಸುಮ್ಮನಿರು, ಅವಳು ಹಾಡ್ತಿದ್ದಾಳೆ. ಕೆಲಸ ಇಲ್ದಿದ್ರೂ ನಾನು ದಿನಾ ಈ ಬಾಗಿಲ ಹತ್ರ ಸುಳಿದಾಡೋದು ಇದಕ್ಕೇ. ಅವಳಿಗೆ ಹೇಳಬೇಡ ಮತ್ತೆ."

ಹೆಂಡತಿ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದಳು. ಅತ್ತಳೋ ನಕ್ಕಳೋ ಹೇಳಲಾರೆ. ಮರುದಿನ ಭಾವಮೈದುನ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮನ್ನು ಸರಿಯಾಗಿ ತಿರುಗಿಸಿದ ಮೇಲೆ ಆಕೆ ಹಾಡಿದಳು ನೋಡಿ, ಅಂಥ ದನಿ ಆ ಗಂಟಲಲ್ಲಿ ಇದೆಯೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. ನಿರ್ದೇಶಕರು ಫೋನ್ ಮಾಡಿ ಇಡೀ ಸಂಗ್ರಹವನ್ನು ಆಕೆಯೇ ಹಾಡಬೇಕೆಂದಿದ್ದಾರೆ.

ಹಾಗಾದರೆ ದೂರೇನು ಎನ್ನುವಿರಾ? ವಿಷಯ ತಿಳಿದ ತಾಯಿಯವರು, ತಾನು ಅಂಥ ಮಾತು ಆಡಿಯೇ ಇಲ್ಲ, ಅಗ್ಗದ ಮೈಕು ಏನೇನೋ ಕೇಳಿಸಿಕೊಂಡು ಚಾಡಿ ಹೇಳುತ್ತದೆ, ನಾಲ್ಕು ಕಾಸು ಹೆಚ್ಚು ಕೊಟ್ಟು ಒಳ್ಳೆಯದನ್ನೇ ತಂದಿದ್ದರೆ ಈ ಅಪವಾದ ಬರುತ್ತಿರಲಿಲ್ಲ ಎಂದು ಊಟದ ಹೊತ್ತಿಗೆಲ್ಲ ನನ್ನ ತಲೆ ತಿನ್ನುತ್ತಿದ್ದಾರೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಖುದ್ದಾಗಿ ಊಟದ ಮನೆಗೆ ದಯಮಾಡಿಸಿ, ಕೇಳಿಸಿಕೊಂಡದ್ದು ಸತ್ಯವೆಂದು ಪ್ರಮಾಣ ಮಾಡಬೇಕು. ಅದಾಗದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಗಾಜಿನ ಪೆಟ್ಟಿಗೆಯ ಆ ದುಬಾರಿ ಮೈಕಾಗಿ ಬದಲಾಗಬೇಕು. ಎರಡರಲ್ಲಿ ಯಾವುದಾದರೂ ನಮ್ಮದೇನೂ ಅಭ್ಯಂತರವಿಲ್ಲ.

ಹಾಸಿಗೆ ವಾಪಸು ಸಿಗುವ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವ

ವಿ.ಸೂ.: ಅದೇ ರೆಕಾರ್ಡಿಂಗಿನಲ್ಲಿ ಮುಂದೆ, ನಿಮ್ಮ ಮಗನೂ ಹಾಡುತ್ತಾನಾ ಎಂದು ಪಕ್ಕದ ಮನೆಯಾಕೆ ಕೇಳಿದ್ದನ್ನೂ, ಅದಕ್ಕೆ ತಾಯಿಯವರು ಕೊಟ್ಟ ಉತ್ತರವನ್ನೂ ತಾವು ಒಂದಕ್ಷರ ಬಿಡದೆ ಹಿಡಿದಿದ್ದೀರಿ. ಆ ಮಾತನ್ನು ಮಾತ್ರ ತಾನೇ ಆಡಿದ್ದೆಂದು ತಾಯಿಯವರು ಕೂಡಲೇ ಒಪ್ಪಿಕೊಂಡಿದ್ದಾರೆ.