ಮೈಮಾತಿನ ಯಂತ್ರ

"ಬಾಯಿ ಬಿಡ್ಬೇಡ! ಸುಮ್ನೆ ಕೂತ್ಕೋ. ಮಿಕ್ಕಿದ್ದೆಲ್ಲ ಇದು ಹೇಳುತ್ತೆ!" ಎಂದು ನಮ್ಮ ಯಜಮಾನರು ಹಳೆಯ ಟೇಬಲ್ ಫ್ಯಾನಿನ ಮೇಲಿದ್ದ ಟವೆಲನ್ನು ಸರ್ರನೆ ಎಳೆದರು. ರೆಕ್ಕೆಗಳಿದ್ದ ಜಾಗದಲ್ಲಿ ಎರಡು ಕ್ಯಾಮೆರಾ, ಕೆಳಗೊಂದು ಸ್ಪೀಕರು!

ತುಮಕೂರಿನ ತಮ್ಮ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ವರದರಾಜರಾಯರು, ಅಂದರೆ ನಮ್ಮವರು, ಏನಾದರೊಂದು ಕಂಡುಹಿಡಿಯುತ್ತಲೇ ಇರುತ್ತಾರೆ. ಆದರೆ ಈ ಯಂತ್ರ ನನಗೋಸ್ಕರವೇ ಹುಟ್ಟಿದ್ದು. ಐವತ್ತೆರಡನೇ ವಯಸ್ಸಿನಲ್ಲಿ ಆಪ್ತಸಮಾಲೋಚಕಿಯಾಗಲು ಹೊರಟ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಎದುರಿಗೆ ಕೂತವರ ಕಷ್ಟವನ್ನು ಹತ್ತು ನಿಮಿಷ ಕೇಳಬೇಕು, ಬುದ್ಧಿ ಹೇಳಕೂಡದು. ಕಣ್ಣು, ಕತ್ತು, ಕೈಗಳಲ್ಲೇ 'ನಾನಿದ್ದೇನೆ' ಎನ್ನಬೇಕು. ನನ್ನಿಂದ ಅದೊಂದೇ ಆಗುವುದಿಲ್ಲ! ಇನ್ನು ಉಳಿದಿದ್ದು ಒಂದೇ ಅವಕಾಶ.

"ನಿನ್ನ ಮೈ ಏನ್ ಹೇಳ್ತಿದೆ ಅಂತ ನಿಂಗೇ ಕೇಳಿಸಿದ್ರೆ ತಿದ್ಕೋಬಹುದಲ್ವೇನೇ?" ಎಂದರು.

ನಾನು ಕೈಕಟ್ಟಿ ಕೂತೆ. ಯಂತ್ರ ಗರ್ರನೆ ನನ್ನತ್ತ ತಿರುಗಿತು. "ಇದರಲ್ಲಿ ನನಗೆ ನಂಬಿಕೆಯಿಲ್ಲ. ಒಲೆಯ ಮೇಲೆ ಹಾಲಿದೆ."

"ನೋಡ್ದ್ಯಾ, ಎಷ್ಟ್ ಸರಿಯಾಗ್ ಹೇಳ್ತು!"

"ಅಯ್ಯೋ, ಹಾಲು ರೀ!" ಎಂದು ಓಡಿದೆ. ಅಷ್ಟರಲ್ಲಿ ಉಕ್ಕಿ ಹರಿದಿತ್ತು.

ಮಾರನೆಯ ದಿನ ಪಕ್ಕದ ಮನೆಯ ಪುಟ್ಟತಾಯಮ್ಮನವರು ಮಂಡಿನೋವು ಹೇಳಿಕೊಳ್ಳಲು ಕೂತರು. ಪಾಪ ಅನ್ನಿಸಿ ನಾನು ಲೊಚ್ ಲೊಚ್ ಎಂದೆ. "ಹಲ್ಲಲ್ಲಿ ಹಪ್ಪಳ ಸಿಕ್ಕಿಕೊಂಡಿದೆ" ಎಂದಿತು ಯಂತ್ರ! ಅವರು ಮುಖ ಊದಿಸಿಕೊಂಡು ಎದ್ದು ಹೋದರು.

"ಲೊಚಗುಟ್ಟೋದು ಅಂದ್ರೆ ಅಯ್ಯೋ ಪಾಪ ಅಂತ ಇದಕ್ಕೆ ಕಲಿಸೋದೇ ಮರೆತೆ ಕಣೇ! ಇವತ್ತಿನಿಂದ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಅಂಕ!" ಎಂದು ನಮ್ಮವರು ಸ್ಕ್ರೂಡ್ರೈವರ್ ಹಿಡಿದರು.

ಪರೀಕ್ಷೆಯ ದಿನ ನಮ್ಮವರು ಪರೀಕ್ಷಕಿ ಸರ್ವಮಂಗಳಾ ಮೇಡಂ ಅವರ ಕೈಕಾಲು ಹಿಡಿದು ಯಂತ್ರವನ್ನು ತರಬೇತಿ ಕೇಂದ್ರಕ್ಕೇ ತಂದಿಟ್ಟರು. ಕಷ್ಟ ಹೇಳಿಕೊಳ್ಳುವವರ ಪಾತ್ರದಲ್ಲಿ ಮೇಡಮ್ಮೇ ಕೂತರು.

"ಊರೋರ ಕಷ್ಟವೆಲ್ಲ ಕೇಳಿ ಮನೆಗೆ ಹೋಗ್ತೀನಿ. 'ಅಡಿಗೆ ಏನು' ಅಂತಾರೆ. ನನ್ ಮಾತು ಯಾರೂ ಕೇಳಲ್ಲ."

ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಯಂತ್ರ ಕೂರಲಿಲ್ಲ. "ನಾಲ್ಕು ದಿನ ಒಲೆ ಹಚ್ಚಬೇಡಿ! ತಾನಾಗಿ ಬುದ್ಧಿ ಬರುತ್ತೆ!"

"ನಾನಲ್ಲ ಮೇಡಂ!"

"ನಿನ್ನ ಹುಬ್ಬು ಕಣೇ, ಹುಬ್ಬು! ಇಳಿಸು!" ಎಂದು ಮೂಲೆಯಿಂದ ನಮ್ಮವರು ಕೂಗಿದರು.

"ತವರಿಗೆ ಹೋಗಿಬಿಡಿ!" ಎಂದಿತು ಯಂತ್ರ. ನಮ್ಮವರು ಓಡಿ ಬಂದು ಅದರ ಕತ್ತು ತಿರುಚಿದರು. ಅದು ಮೇಲಕ್ಕೆ ತಿರುಗಿ, ಟ್ಯೂಬ್‌ಲೈಟಿನ ಪಕ್ಕದ ಗೋಡೆಯನ್ನು ನೋಡುತ್ತಾ ಸಿಕ್ಕಿಹಾಕಿಕೊಂಡಿತು. ಅಲ್ಲೊಂದು ಹಲ್ಲಿ.

ಲೊಚ್ ಲೊಚ್ ಲೊಚ್!

ಯಂತ್ರದ ದನಿ ಬೆಣ್ಣೆಯಾಯಿತು. "ಎಷ್ಟು ದಣಿದಿದ್ದೀರಿ, ಪಾಪ. ಹೇಳಿ, ನಾನೆಲ್ಲೂ ಹೋಗುವುದಿಲ್ಲ."

ಅಭ್ಯಾಸಬಲ, ನಾನೂ ಮೇಡಮ್ಮೂ ಒಟ್ಟಿಗೇ ಮೇಜು ಕುಟ್ಟಿ "ಕೃಷ್ಣ ಕೃಷ್ಣ" ಎಂದೆವು! ಇಬ್ಬರಿಗೂ ನಗು ಬಂತು. ನಗುನಗುತ್ತಲೇ ಮೇಡಂ ಅವರ ಕಣ್ಣು ತುಂಬಿತು. ಅದು ನಟನೆಯಲ್ಲ. ನನಗೆ ಪರೀಕ್ಷೆ ಮರೆತೇಹೋಯಿತು. ಮುಂದಕ್ಕೆ ಬಾಗಿ ಅವರ ಕೈ ಹಿಡಿದುಕೊಂಡೆ. ಅವರು ಅರ್ಧ ಗಂಟೆ ಮಾತಾಡಿದರು, ನಾನು ಒಂದಕ್ಷರ ಆಡಲಿಲ್ಲ.

ಕೊನೆಗೆ ಯಂತ್ರ ಗಂಟಲು ಸರಿಮಾಡಿಕೊಂಡಿತು. "ಗೋಡೆಯ ಮೇಲಿನ ಅಭ್ಯರ್ಥಿ ತೊಂಬತ್ತಾರು. ಮಧ್ಯೆ ಬಾಯಿ ಹಾಕಲಿಲ್ಲ, ರೆಪ್ಪೆ ಬಡಿಯಲಿಲ್ಲ. ಕುರ್ಚಿಯ ಮೇಲಿನ ಅಭ್ಯರ್ಥಿ ಮೂವತ್ತೊಂದು."

ನಮ್ಮವರ ಮುಖ ಬಾಡಿಹೋಯಿತು. "ಕೆಡಿಸಿಬಿಟ್ಟೆ ಕಣೇ ಎಲ್ಲಾನೂ."

"ಸ್ವಿಚ್ ಆಫ್ ಮಾಡಿ ರಾಯರೇ," ಮೇಡಂ ಕಣ್ಣೊರೆಸಿಕೊಂಡರು. "ನನ್ ಕೈ ಹಿಡಿದಿದ್ದು ಹಲ್ಲಿ ಅಲ್ಲ. ಇವರು ಪಾಸು."

ದಾರಿಯುದ್ದಕ್ಕೂ ನಮ್ಮವರು ಮಾತಾಡದೆ ನನ್ನ ಬ್ಯಾಗು ಹೊತ್ತು ನಡೆದರು, ಬೀದಿಯ ತಿರುವಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡರು. ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಉಕ್ಕಿದ ಹಾಲನ್ನೂ ಮನ್ನಿಸಿಬಿಟ್ಟೆ.

ಈಗ ನಾನು ಅದೇ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಕತ್ತು ತಿರುಗದ ಯಂತ್ರವೂ ಅಲ್ಲೇ ಉಳಿದಿದೆ, ಹಲ್ಲಿಯೂ ಇದೆ. ನನ್ನ ಕೋಣೆಗಿಂತ ಆ ಗೋಡೆಯ ಮುಂದೆಯೇ ಜನ ಜಾಸ್ತಿ. ಹೊಟ್ಟೆಕಿಚ್ಚೇನಿಲ್ಲ, ಆದರೆ ಹಲ್ಲಿ ನೊಣ ಹಿಡಿಯಲು ಹೋದಾಗ ಅದರ ಮುಂದೆ ಕೂತವರನ್ನೂ ನಾನೇ ನೋಡಿಕೊಳ್ಳಬೇಕು.