ಸದ್ದಿಲ್ಲದ ಮನೆಯಲ್ಲಿ ಭಾನುವಾರದ ನಿದ್ದೆ

ನನ್ನ ಸುಖಕ್ಕೆ ಅಡ್ಡ ನಿಂತಿರುವುದು ನನ್ನ ಪಗಾರವೊಂದೇ ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಬಹಳ ಅನುಕೂಲದ ನಂಬಿಕೆ ಅದು. ಸಾರಿಗೆ ಉಪ್ಪು ಹೆಚ್ಚಾದರೂ, ಬಸ್ಸಿನಲ್ಲಿ ಸೀಟು ಸಿಗದಿದ್ದರೂ, ತಲೆಗೂದಲು ಉದುರಿದರೂ ಬೈಯಲು ಸರಕಾರವೊಂದು ಇರುತ್ತಿತ್ತು. ಕೊನೆಗೊಮ್ಮೆ ಸರಕಾರ ಸೇಡು ತೀರಿಸಿಕೊಂಡಿತು, ಪಗಾರ ಹೆಚ್ಚಿಸಿಬಿಟ್ಟಿತು.

ಆಗ ನಾವು ಬನಹಟ್ಟಿಯಲ್ಲಿದ್ದೆವು. ಗೋಡೆಯಾಚೆ ನೇಕಾರ ಈರಪ್ಪನ ವಿದ್ಯುತ್ ಮಗ್ಗಗಳು. ವಾರವಿಡೀ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಬಳಲಿದ ನನಗೆ ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಸ್ವರ್ಗ. ಆದರೆ ಮಗ್ಗಗಳಿಗೆ ಭಾನುವಾರ ಗೊತ್ತಿರಲಿಲ್ಲ, ಖಟಖಟ ನಿಲ್ಲುತ್ತಿರಲಿಲ್ಲ. ಈರಪ್ಪನೋ, ಊಟವಾದ ಮೇಲೆ ಮಗ್ಗಗಳನ್ನು ತಮ್ಮನಿಗೆ ಒಪ್ಪಿಸಿ, ಬಾಗಿಲ ಕಟ್ಟೆಯ ಮೇಲೆ ಟವೆಲ್ ಸುತ್ತಿ ತಲೆಗಿಟ್ಟು ಗೊರಕೆ ಹೊಡೆಯುತ್ತಿದ್ದ. ಅವನ ಗಳಿಕೆ ನನ್ನದರ ಅರ್ಧವೂ ಇರಲಿಕ್ಕಿಲ್ಲ. ಅಷ್ಟರಲ್ಲಿ ಇಷ್ಟು ಗೊರಕೆ ಹೊಡೆಯುವುದು ಅರ್ಥಶಾಸ್ತ್ರಕ್ಕೇ ಅವಮಾನ ಎಂದು ನನಗನ್ನಿಸುತ್ತಿತ್ತು.

ಹೆಚ್ಚಿದ ಪಗಾರದ ಧೈರ್ಯದಲ್ಲಿ ಜಮಖಂಡಿಯ ಹೊಸ ಬಡಾವಣೆಯಲ್ಲಿ ಮನೆ ಹಿಡಿದೆ. ಸುತ್ತ ಖಾಲಿ ಸೈಟುಗಳು, ಕೇಳಿದಷ್ಟು ಮೌನ. ಮೊದಲ ಭಾನುವಾರವೇ ನನ್ನ ಹೆಂಡತಿ ಸುಶೀಲಾ ಊಟವಾದ ಐದು ನಿಮಿಷಕ್ಕೆ ನಿದ್ದೆ ಹೋದಳು. ನಾನೂ ಮಲಗಿದೆ. ನಳ ತೊಟ್ಟಿಕ್ಕಿತು. ಫ್ಯಾನು ಕಿರ್ ಎಂದಿತು. ಎದ್ದು ಎರಡನ್ನೂ ಬಂದ್ ಮಾಡಿ ಮಲಗಿದರೆ ಹೊಟ್ಟೆಯೊಳಗೆ ಜೋಳದ ರೊಟ್ಟಿ ಗುಡುಗುಡು ಎನ್ನುವುದು ಕೇಳಿಸತೊಡಗಿತು. ಹೀಗೇ ಮೂರು ಭಾನುವಾರ. ನಿಜ ಹೇಳುತ್ತೇನೆ, ಅಳುವೇ ಬಂತು. ಆಗ ಜ್ಞಾನೋದಯವಾಯಿತು: ಈರಪ್ಪನ ಸುಖದ ಗುಟ್ಟು ಆ ಖಟಖಟದಲ್ಲೇ ಇದೆ! ನಾಲ್ಕನೆಯ ಭಾನುವಾರ ಬಸ್ಸು ಹತ್ತಿ, ನಿದ್ದೆ ಮಾಡಲೆಂದೇ ಬನಹಟ್ಟಿಗೆ ಹೋದೆ.

"ಬಾಡಗಿ ಅಲ್ಲಿ ಕೊಡತೀರಿ, ನಿದ್ದಿ ಮಾಡಾಕ ಇಲ್ಲಿ ಬರತೀರಿ. ಭಾಳ ಛಲೋ ಆತು ಬಿಡ್ರಿ ಮಾಸ್ತರ," ಎಂದು ಈರಪ್ಪ ನಗುತ್ತ ಕಟ್ಟೆಯ ಮೇಲೆ ಜಾಗ ಬಿಟ್ಟ. ಇನ್ನೊಂದು ಟವೆಲ್ಲೂ ಕೊಟ್ಟ. ಖಟಖಟದ ನಡುವೆ ನನಗೆ ಕಣ್ಣು ಹತ್ತಿಯೂ ಹತ್ತಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಾನು ಬೆಚ್ಚಿ ಎದ್ದು ಕುಳಿತೆ. ಪಕ್ಕದಲ್ಲಿ ಈರಪ್ಪನ ಗೊರಕೆ ಮಾತ್ರ ಮೊದಲಿನಂತೆಯೇ ನಡೆದಿತ್ತು. ಸಹಿಸಲಾಗದೆ ಅಲುಗಾಡಿಸಿ ಎಬ್ಬಿಸಿದೆ.

"ಈರಪ್ಪಾ, ಕರೆಂಟ್ ಹೋಗೇತೋ!"

"ಹೌದೇನ್ರಿ? ಬರತೈತಿ ತಗೋರಿ," ಎಂದು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯತೊಡಗಿದ.

ಸಂಜೆ ಮನೆಗೆ ಬಂದವನೇ ಸುಶೀಲಾಳಿಗೆ ನನ್ನ ಹೊಸ ಯೋಜನೆ ವಿವರಿಸಿದೆ. ಜಮಖಂಡಿಯಲ್ಲಿ ಸದ್ದು ಕಡಿಮೆ, ಬನಹಟ್ಟಿಯಲ್ಲಿ ಕರೆಂಟಿನ ಭರವಸೆಯಿಲ್ಲ. ಮುಧೋಳದಲ್ಲಿ ಹದವಾದ ಸದ್ದಿರುವ ಮನೆಯೊಂದನ್ನು ಹುಡುಕೋಣ ಎಂದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲೂ ಇಲ್ಲ.

"ಮನಿ ಎಷ್ಟ ಸಲ ಬೇಕಾದ್ರೂ ಬದಲಿ ಮಾಡೂಣ್ರಿ. ಆದ್ರ ಹೋದ ಹೋದ ಮನಿಗೆಲ್ಲಾ ನೀವೂ ಬರತೀರಲ್ಲ, ಅದಕ್ಕೇನ ಮಾಡೂದು?"

ಮುಂದಿನ ವೇತನ ಪರಿಷ್ಕರಣೆಯಲ್ಲಿ ಈ ತೊಂದರೆಗೇನಾದರೂ ಭತ್ಯೆ ಕೇಳಬಹುದೇ ಎಂದು ನಮ್ಮ ಸಂಘಕ್ಕೆ ಪತ್ರ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಸದ್ಯ, ಬೈಯಲು ಯಾರೋ ಒಬ್ಬರು ಸಿಕ್ಕರು.