ಮಾಲಾನ ಬಸಿರು, ಸೀತವ್ವನ ನಡಿಗಿ

ಬಸುರಿ ಹೆಣಮಗಳು ದಿನಾ ಅರ್ಧ ತಾಸು ನಡದರ ಹೊಟ್ಯಾಗಿನ ಕೂಸಿನ ಎದಿಗೆ ಛಲೋ. ಇದು ಬರೇ ಡಾಕ್ಟರ ಮಾತಾಗಿ ಉಳೀಬಾರದು ಅಂತ ಸವದತ್ತಿಯೊಳಗ 'ಗರ್ಭಸ್ಥ ಹೃದಯ ಬಲವರ್ಧನಾ ಕಚೇರಿ' ತಗದರು. ಸುತ್ತಮುತ್ತಲ ಊರಿಗೆಲ್ಲಾ ಹೆರಿಗಿ ಮಂಚಾನೂ ಅಲ್ಲೇ. ನಿಯಮ ಏನಂದರ, ದಿನಾ ಕಚೇರಿ ಅಂಗಳದಾಗ ನಡದು ಫೋಟೋ ತಗಸಬೇಕು. ಒಂದು ದಿನ ತಪ್ಪಿದರೂ ಮಂಚ ರದ್ದು.

ನಮ್ಮ ಓಣಿ ನೀಲಪ್ಪನ ಹೇಂತಿ ಮಾಲಾ ಏಳನೇ ತಿಂಗಳದಾಗ ಕುಬಸಾ ಮುಗಿಸಿಕೊಂಡು ತವರಿಗೆ, ದೇಗಾಂವಕ್ಕ ಹೋದಳು. ಚೊಚ್ಚಲ ಬಸುರಿ, ಹೋಗಬೇಕಾದ್ದ. ಅಲ್ಲಿ ಮುಂಜಾನಿ ಸಂಜಿ ಗುಡಿ ಸುತ್ತತಿದ್ದಳು. ಅದನ್ನ ಬರಕೊಳ್ಳರಿ ಅಂತ ನೀಲಪ್ಪ ಕಚೇರಿ ಸಾಹೇಬ ರಾಮಲಿಂಗಪ್ಪನವರ ಮುಂದ ನಿಂತ.

"ಅದು ಪ್ರದಕ್ಷಿಣಿ, ವ್ಯಾಯಾಮ ಅಲ್ಲ. ಮ್ಯಾಲ ಅದು ಕಿತ್ತೂರ ತಾಲೂಕ. ಅಲ್ಲಿ ಬಡಿಯೂ ಎದಿಗೆ ನಾವು ಜವಾಬ್ದಾರರಲ್ಲ."

"ಮಂಚ ಹ್ವಾದರ ಆಕಿ ಎಲ್ಲಿ ಹಡೀಬೇಕ್ರಿ ಸಾಹೇಬ್ರ?"

"ನಿಮ್ಮ ಮನ್ಯಾಗಿನ ಯಾರರ ಒಬ್ಬ ಹೆಣಮಗಳು ನಡೀಲಿ. ನಮಗ ಫೋಟೋ ಮುಖ್ಯ."

ನೀಲಪ್ಪನ ಅವ್ವ ಸೀತವ್ವ ನಡದಳು. ಸೊಸಿ ಇದ್ದಾಗ ಮೊಣಕಾಲು ನೋವಂತ ನೀರಿನ ತಂಬಿಗಿ ಎತ್ತದಾಕಿ, ಫೋಟೋ ಅಂದ ಕೂಡಲೆ ಇಳಕಲ್ ಸೀರಿ ಉಟ್ಟಳು. ನಾ ಹೊಟ್ಟಿಕಿಚ್ಚಿಗೆ ಹೇಳೂದಲ್ಲ, ಇಪ್ಪತ್ತು ದಿನದಾಗ ಆಕಿಗೆ ಹುಣಸಿಹಣ್ಣಿನ ಬಯಕಿನೂ ಸುರುವಾತು. ಕಚೇರಿಯವರು ಬರಕೊಂಡರು. ನರ್ಸಬಾಯಿ ತಿಂಗಳಿಗೊಮ್ಮೆ ಸೀತವ್ವನ ಎದಿಗೆ ನಳಗಿ ಹಚ್ಚಿ ಕೇಳಿ, "ಕೂಸಿನ ಹೃದಯ: ಉತ್ತಮ" ಅಂತ ಸಹಿ ಮಾಡಿದಳು.

ದಿನ ತುಂಬಿತು. ಮಾಲಾ ಬ್ಯಾನಿ ತಿನ್ನಕೋತ ಜೀಪಿನಾಗ ಬಂದಳು. ಬಾಗಲದಾಗ ಸಾಹೇಬರು ಕಾರ್ಡ್ ನೋಡಿದರು, ಆಕಿ ಮಾರಿ ನೋಡಿದರು.

"ಫೋಟೋ ಹೊಂದೂದಿಲ್ಲ. ಮಂಚ ನಡದಾಕಿಗೆ. ಈಕಿ ಸಂಗಡ ಬಂದಾಕಿ, ಕೆಳಗ ಚಾಪಿ ಮ್ಯಾಲ ಇರಲಿ."

ಸೀತವ್ವ ಮಂಚ ಏರಿದಳು. "ಸಾವಕಾಶ ತಿಣಕವಾ, ನನಗ ಜೊಂಪು ಹತ್ತೇತಿ," ಅಂದಳು ಸೊಸಿಗೆ.

ಚಾಪಿ ಮ್ಯಾಲ ಹೆಣ್ಣು ಕೂಸು ಹುಟ್ಟಿತು. ಗಟ್ಟಿ ದನಿ, ಗಟ್ಟಿ ಎದಿ. ದಾಖಲೆಯೊಳಗ ತಾಯಿ: ಸೀತವ್ವ, ವಯಸ್ಸು ಅರವತ್ತೊಂದು. ನೀಲಪ್ಪ ಕೂಸಿಗೆ ಅಣ್ಣ ಆದ. ತಕರಾರು ಕೊಟ್ಟರ ನಡಿಗಿ ಮತ್ತ ಮೊದಲಿಂದ ಅಂತ ಸಾಹೇಬರು ಅಂದದ್ದಕ್ಕ, ಪೇಢೆ ಹಂಚಿದ.

ಈಗ ಸೀತವ್ವ ತಲಿಗೆ ಅರಿವಿ ಕಟಗೊಂಡು ಬಾಣಂತನ ಮಾಡಿಸಿಕೊಳ್ಳಾಕ ಹತ್ತ್ಯಾಳ. ಅಂಟಿನ ಉಂಡಿ ಕಟ್ಟಾಕಿ ಮಾಲಾ. ನಿನ್ನಿ ಕೂಸಿನ್ನ ನೋಡಾಕ ಹೋದಾಗ, "ಹಡದಾಕಿ ಯಾರವಾ?" ಅಂತ ಮಾಲಾನ್ನ ಕೇಳಿದೆ.

ನನ್ನ ಕೈಯಾಗೊಂದು ಉಂಡಿ ಇಟ್ಟು, "ಅತ್ತಿಯವರ ರೀ," ಅಂದಳು. "ಭಾಳ ನಡದಾರ."

ಉಂಡಿ ಛಲೋ ಆಗಿತ್ತು. ಸೀತವ್ವಗ ಉಡಿ ತುಂಬಿ ಬಂದೆ.